ಬಾಣಗಳು ಎಂದಿನಂತೆ

ಆ ಬುಧವಾರ ಬೆಳಿಗ್ಗೆಯೂ ನಾನು ತಲೆಗೆ ಎಣ್ಣೆ ಹಚ್ಚಲಿಲ್ಲ. ನಕ್ಷೆ ಟ್ರೇಸ್ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಎಣ್ಣೆ ಭಾನುವಾರಕ್ಕೆ ಮಾತ್ರ ಮೀಸಲಾಗಿತ್ತು. ಕೂದಲಿನ ಎಣ್ಣೆ ಕೈಗೆ ಬರುತ್ತದೆ, ಕೈಯಿಂದ ಟ್ರೇಸಿಂಗ್ ಬಟ್ಟೆಗೆ ಇಳಿಯುತ್ತದೆ, ಎಣ್ಣೆ ತಾಗಿದ ಜಾಗದಲ್ಲಿ ಇಂಕು ನಿಲ್ಲದೆ ಸಾಸಿವೆಕಾಳಿನ ಹಾಗೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಬೂತಿನಿಂದ ಹಾಲಿನ ಸೀಸೆ ತಂದೆ. ಮೊದಲ ಪಾಳಿಗೆ ಹೋಗುವ ಯಜಮಾನರಿಗೆ ಡಬ್ಬಿ ಕಟ್ಟಿದೆ. ನನ್ನ ಮೊಸರನ್ನವನ್ನು ಚಮಚದಲ್ಲೇ ಕಲಸಿದೆ. ಕಡಲೆಹಿಟ್ಟಿನಲ್ಲಿ ಎರಡು ಸಲ ಕೈ ತೊಳೆದೆ. ಬಾಗಿಲಲ್ಲಿ ಅತ್ತೆ ಮಲ್ಲಿನ ಬಟ್ಟೆಯ ಎರಡು ತೋಳುಚೀಲ ಹಿಡಿದು ನಿಂತಿದ್ದರು.

ಆ ತೋಳುಚೀಲಗಳ ಕಥೆ ಹೇಳಿಬಿಡುತ್ತೇನೆ. ಗಾಜಿನ ಬಳೆ ಹಸಿ ಇಂಕಿನ ಮೇಲೆ ಸವರಿಹೋದರೆ ಮೂರು ದಿನದ ಕೆಲಸ ಹಾಳು. ನಾನು ಕೆಲಸಕ್ಕೆ ಸೇರಿದ ವಾರ ಬಳೆ ತೆಗೆದು ಪರ್ಸಿನಲ್ಲಿಟ್ಟುಕೊಂಡು ಕೂತೆ. ಅದು ಅತ್ತೆಗೆ ಗೊತ್ತಾಯಿತು. "ಬಳೆ ಬಿಚ್ಚಿಟ್ಟು ಮಾಡೋ ಅಂಥ ಕೆಲ್ಸ ಏನೇ ಅದು?" ಎಂದು ಒಂದು ದಿನ ಮುಖ ಊದಿಸಿಕೊಂಡಿದ್ದರು. ಮರುದಿನ ಹಳೆಯ ಪಂಚೆ ಹರಿದು, ಮಣಿಕಟ್ಟಿನಿಂದ ಮೊಣಕೈವರೆಗೆ ಬರುವ ಎಲಾಸ್ಟಿಕ್ ಚೀಲ ಹೊಲಿದು ಕೊಟ್ಟರು. ಬಳೆ ಒಳಗೆ, ಇಂಕು ಹೊರಗೆ. ಆಮೇಲೆ ನಮ್ಮ ಆಫೀಸಿಗೆ ಬಂದ ಎಲ್ಲ ಹೆಣ್ಣುಮಕ್ಕಳಿಗೂ ಅವರೇ ಹೊಲಿದರು. ನಿವೃತ್ತಿಯಾದ ಮೇಲೆ ಯಾರ ಯಾರ ಉಪಕಾರ ನೆನೆಯಬೇಕೆಂದು ಕುಳಿತರೆ ಮೊದಲು ಕಣ್ಣಿಗೆ ಬರುವುದು ಆ ಚೀಲದ ಸಣ್ಣ ಸಣ್ಣ ಹೊಲಿಗೆ.

ಈಗ ಹೆದ್ದಾರಿ ವಿನ್ಯಾಸದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವರು, "ಆಂಟಿ, ಕಂಪ್ಯೂಟರ್ ಇಲ್ದೆ ರ‍್ಯಾಂಪ್ ಹೇಗೆ ಬರೀತಿದ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಅವರು ಪೆನ್ಸಿಲಿನಲ್ಲಿ ಹಾಕಿದ್ದರ ಮೇಲೆ ಮೇಣ ಸವರಿದಂತಿರುವ ನೀಲಿ ಬಟ್ಟೆ ಹಾಸಿ, ಇಂಕಿನಲ್ಲಿ ತೀಡಿ, ಅಕ್ಷರ ಬರೆಯುವವಳು.

ಕೆಲಸ ಸಿಕ್ಕಿದ್ದೇ ಅಕ್ಷರದಿಂದ. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ, ಪ್ರಿಂಟ್ ಹಾಕುವ ಅಂಗಡಿಯ ಮಹಡಿಯ ಮೇಲೆ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಇಂಜಿನಿಯರ್ ಚನ್ನಬಸಪ್ಪನವರು ರಸ್ತೆ ವಿನ್ಯಾಸದ ಸಣ್ಣ ಆಫೀಸು ಇಟ್ಟಿದ್ದರು. ದಾವಣಗೆರೆ ಕಡೆಯವರು, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಸದಾ ಮೂರು ಪೆನ್ಸಿಲು. ಎಲ್ಲ ಹೆಣ್ಣುಮಕ್ಕಳೂ ಅವರಿಗೆ ತಂಗಿಯರೇ. ನನ್ನ ಅರ್ಜಿ ಓದಿ, ಓದಿದ್ದೇನು ಎಂದು ಕೇಳಲೇ ಇಲ್ಲ. "ಈ ಅಕ್ಷರ ಯಾರು ಕಲಿಸಿದ್ರವ್ವ?" ಎಂದರು. ಕಾನ್ವೆಂಟಿನ ಸಿಸ್ಟರುಗಳು ಎಂದೆ. ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದು ಅಕ್ಷರ ಗೆರೆ ದಾಟಿದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಅವರು ಇನ್ನೊಂದನ್ನೂ ಕಲಿಸಿದ್ದರು: ಕೇಳಿದರೆ ಮಾತ್ರ ಮಾತನಾಡಬೇಕು. ಎರಡೂ ನನ್ನಲ್ಲಿ ಚೆನ್ನಾಗಿ ಊರಿಕೊಂಡಿದ್ದವು. ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದರೂ ಆಫೀಸಿನಲ್ಲಿ ನನ್ನ ದನಿ ಕೇಳಿದವರು ಇಬ್ಬರೋ ಮೂವರೋ.

ನನ್ನ ಮೇಲಿನವರು ಹೆಡ್ ಡ್ರಾಫ್ಟ್ಸ್‌ಮನ್ ಮುನಿಸ್ವಾಮಿ. ಕಾಮಾಕ್ಷಿಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಕಿವಿಯಲ್ಲಿ ಅರ್ಧ ಬ್ಲೇಡು ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ತಪ್ಪಿದ ಇಂಕನ್ನು ಆ ಬ್ಲೇಡಿನಲ್ಲಿ ಹೆರೆದು, ಆ ಜಾಗವನ್ನು ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿ, ಸೀಮೆಸುಣ್ಣದ ಪುಡಿ ಹಾಕಿ ಮತ್ತೆ ಬರೆಯಬೇಕು. "ಬಟ್ಟೆ ಮೂರು ಸಲ ಕ್ಷಮಿಸತ್ತೆ ಕಣಮ್ಮ, ನಾಲ್ಕನೇ ಸಲ ತೂತಾಗತ್ತೆ" ಎನ್ನುತ್ತಿದ್ದರು. ಅವರದೇ ಒಂದು ತಪ್ಪನ್ನು ನಗುತ್ತ ಹೇಳಿಕೊಳ್ಳುತ್ತಿದ್ದರು. ಪೆನ್ಸಿಲ್ ಹಾಳೆಗೆ ಅಂಟಿಕೊಂಡು ಸತ್ತಿದ್ದ ಇರುವೆಯೊಂದನ್ನು ಮರವೆಂದು ತಿಳಿದು ಟ್ರೇಸ್ ಮಾಡಿಬಿಟ್ಟಿದ್ದರಂತೆ. ಸರ್ವೆಯವರು ಆ ಮರ ಹುಡುಕಿಕೊಂಡು ಕೆಂಗೇರಿಯ ಬಿಸಿಲಿನಲ್ಲಿ ಅರ್ಧ ದಿನ ಅಲೆದರಂತೆ. "ಎದುರಿಗಿರೋದನ್ನ ಬರಿ, ಆದ್ರೆ ಅದು ಏನೂಂತ ಕೇಳ್ಕೊಂಡು ಬರಿ" ಎಂಬುದು ಅವರು ನನಗೆ ಕೊಟ್ಟ ಮೊದಲ ಪಾಠ. ಅದನ್ನೇ ನಾನು ಮರೆತದ್ದು.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಇಂಟರ್‌ಚೇಂಜ್. ಮೈಸೂರು ರಸ್ತೆಯನ್ನು ಮುಂದೆಂದೋ ಒಂದು ವರ್ತುಲ ರಸ್ತೆ ಅಡ್ಡ ದಾಟಬೇಕು. ದೀಪ, ಪೊಲೀಸು ಏನೂ ಬೇಡ, ಯಾವ ಗಾಡಿಯೂ ನಿಲ್ಲಬಾರದು. ಒಂದು ರಸ್ತೆ ಮೇಲೆ, ಒಂದು ಕೆಳಗೆ, ಒಂದರಿಂದ ಇನ್ನೊಂದಕ್ಕೆ ಹೋಗಲು ನಾಲ್ಕು ಮೂಲೆಯಲ್ಲಿ ನಾಲ್ಕು ಎಸಳಿನ ಹಾಗೆ ಸುತ್ತುವ ರ‍್ಯಾಂಪುಗಳು. ಊರಿನಲ್ಲಿ ಅಂಥದ್ದೊಂದು ಆಗ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಯಾರೂ ಅಂಥದ್ದರ ಮೇಲೆ ಗಾಡಿಯಲ್ಲಿ ಹೋದವರೇ ಅಲ್ಲ. ಚನ್ನಬಸಪ್ಪನವರು ವಿದೇಶದ ಪುಸ್ತಕಗಳನ್ನು ತರಿಸಿ, ಲಾಗರಿದಮ್ ಟೇಬಲ್ ಹಿಡಿದು, ಒಂದೊಂದು ಬಾಗನ್ನೂ ಕೈಲೆಕ್ಕದಲ್ಲಿ ತೆಗೆದಿದ್ದರು. ನಾನು ಮರದ ಬಾಗುಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು, ಆ ನಾಲ್ಕು ಎಸಳನ್ನು ತೀಡಲು ಹನ್ನೊಂದು ದಿನ ತೆಗೆದುಕೊಂಡಿದ್ದೆ. ಬಾಗು ಶುರುವಾಗುವ ಜಾಗದಲ್ಲಿ ಕೂದಲೆಳೆಯಷ್ಟೂ ಮುರಿದು ಕಾಣಬಾರದು.

ಕೊನೆಗೆ ಉಳಿದದ್ದು ಬಾಣಗಳು, ಗಾಡಿ ಹೋಗುವ ದಿಕ್ಕು ತೋರಿಸುವವು. ಪೆನ್ಸಿಲ್ ಹಾಳೆಯ ಅಂಚಿನಲ್ಲಿ ಚನ್ನಬಸಪ್ಪನವರು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದರು: ಬಾಣಗಳು ಎಂದಿನಂತೆ. ಎಂದಿನಂತೆ ಎಂದರೆ ನನಗೆ ಅನುಮಾನವೇ ಬರಲಿಲ್ಲ. ದಿನಾ ಬಸ್ಸಿನಲ್ಲಿ ಸುತ್ತುವ ಸರ್ಕಲ್ಲಿನಲ್ಲಿ ಎಲ್ಲ ಗಾಡಿಗಳೂ ಪ್ರದಕ್ಷಿಣೆಯಾಗಿ ಹೋಗುತ್ತವೆ. ದೇವಸ್ಥಾನದಲ್ಲಿ ನಾವು ಹೋಗುವುದೂ ಹಾಗೇ. ನಾಲ್ಕು ಎಸಳಿಗೂ ಮೂರು ಮೂರರಂತೆ ಹನ್ನೆರಡು ಬಾಣ, ಎಲ್ಲ ಪ್ರದಕ್ಷಿಣೆ. ಮುನಿಸ್ವಾಮಿ ಅಳತೆ, ಅಗಲ, ಕಾಗುಣಿತ ಎಲ್ಲ ನೋಡಿ, "ಫಸ್ಟ್ ಕ್ಲಾಸಮ್ಮ" ಎಂದು ‘ಪರಿಶೀಲಿಸಿದೆ’ ಎಂಬಲ್ಲಿ ಸಹಿ ಹಾಕಿದ್ದರು.

ಆ ಬುಧವಾರ ಹನ್ನೊಂದು ಗಂಟೆಗೆ ದೊಡ್ಡ ಆಫೀಸಿನಿಂದ ಮೂವರು ಅಧಿಕಾರಿಗಳು ಜೀಪಿನಲ್ಲಿ ಬಂದು ನಕ್ಷೆ ನೋಡುವವರಿದ್ದರು. ಒಪ್ಪಿ ಸಹಿ ಹಾಕಿದರೆ ಮುಂದಿನ ಇಂಟರ್‌ಚೇಂಜುಗಳ ಕೆಲಸವೂ ನಮ್ಮದೇ, ಆರು ತಿಂಗಳ ಲೆಕ್ಕದಲ್ಲಿ ಬಂದಿದ್ದ ನಾನು ಉಳಿಯುತ್ತೇನೆ. ಒಪ್ಪದಿದ್ದರೆ ತಿಂಗಳ ಕೊನೆಗೆ ನಾನು ಮನೆಗೆ. ಅದನ್ನು ಚನ್ನಬಸಪ್ಪನವರು ಮುಚ್ಚಿಡದೆ ಮೊದಲೇ ಹೇಳಿದ್ದರು. ನನಗೆ ಆ ಕೆಲಸ ಬೇಕಿತ್ತು. ಮನೆಯ ಯಾವ ಕೆಲಸವೂ ಕಣ್ಣಿಗೆ ಕಾಣುವಷ್ಟು ದಿನ ಉಳಿಯುವುದಿಲ್ಲ. ತಿಕ್ಕಿದ ಪಾತ್ರೆ ಸಂಜೆಗೆ ಮತ್ತೆ ಎಂಜಲು. ನಾನು ಎಳೆದ ಗೆರೆ ಮಾತ್ರ ಮರುದಿನವೂ ಅಲ್ಲೇ ಇರುತ್ತಿತ್ತು.

ನಕ್ಷೆಯ ಪ್ರಿಂಟನ್ನು ಗೋಡೆಗೆ ಚುಚ್ಚಿ, ಮೂಲ ಟ್ರೇಸಿಂಗ್ ಸುರುಳಿ ಎದೆಗವಚಿಕೊಂಡು ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಮೂವರಲ್ಲಿ ಹಿರಿಯರು ದಪ್ಪ ಕನ್ನಡಕದವರು. ಅವರ ಜೊತೆಗೆ ಒಬ್ಬ ಚುರುಕು ಮಾತಿನ ಕಿರಿಯರು, ಇನ್ನೊಬ್ಬರು ಬರೆದುಕೊಳ್ಳಲು.

"ಊರಿಂದ ಬಾಪೂಜಿ ನಗರ ದಾಟಿ ಒಂದು ಲಾರಿ ಬರ್ತದೆ ಅನ್ರಿ" ಎಂದು ಹಿರಿಯರು ಕೇಳಿದರು. "ಅದು ಬಲಕ್ಕೆ, ಮಾಗಡಿ ರಸ್ತೆ ಕಡೆ ಹೋಗ್ಬೇಕು. ಹೇಗೆ ಹೋಗತ್ತೆ ತೋರ್ಸಿ."

ಚನ್ನಬಸಪ್ಪನವರು ಬಿದಿರ ಕಡ್ಡಿ ಎತ್ತಿಕೊಂಡರು. "ಬಲಕ್ಕೆ ಹೋಗಾಂವ ಬಲಕ್ಕೆ ತಿರುಗಂಗಿಲ್ರಿ, ಅದೇ ಇದರ ಮಜಾ. ಸೇತುವೆ ಕೆಳಗ ಹಾದು ಮುಂದಕ್ಕೆ ಹೋಗ್ತಾನ. ಆಮ್ಯಾಲೆ ಎಡಕ್ಕೆ ಹೊರಳ್ತಾನ. ಎಡಕ್ಕೇ ತಿರುಗ್ತಾ ತಿರುಗ್ತಾ ಮುಕ್ಕಾಲು ಸುತ್ತು ಬಂದು ಮ್ಯಾಲಿನ ರಸ್ತೆ ಸೇರ್ತಾನ. ಯಾರಿಗೂ ಅಡ್ಡ ಬರಂಗಿಲ್ಲ."

ಕಡ್ಡಿ ಎಸಳಿನ ಮೇಲೆ ನಿಧಾನವಾಗಿ ಸುತ್ತಿತು. ಎಲ್ಲರೂ ಕಡ್ಡಿಯ ತುದಿ ನೋಡಿ ತಲೆದೂಗಿದರು. ನಾನು ಮಾತ್ರ ನನ್ನ ಬಾಣಗಳನ್ನು ನೋಡುತ್ತಿದ್ದೆ. ಹನ್ನೊಂದು ದಿನ ಆ ಎಸಳುಗಳ ಜೊತೆ ಬದುಕಿದವಳಿಗೆ ಬೇರೇನು ಕಂಡೀತು? ಕಡ್ಡಿ ಹೋಗುತ್ತಿದ್ದದ್ದು ಬಾಣಕ್ಕೆ ಎದುರಾಗಿ. ಮೊದಲನೆಯದಕ್ಕೆ ಎದುರು, ಎರಡನೆಯದಕ್ಕೆ ಎದುರು, ಮೂರನೆಯದಕ್ಕೂ ಎದುರು.

ಚನ್ನಬಸಪ್ಪನವರ ತಲೆಯಲ್ಲಿ ದಾರಿ ಸರಿಯಾಗಿತ್ತು, ಅದಕ್ಕೇ ಅವರು ಬಾಣ ನೋಡುತ್ತಿರಲಿಲ್ಲ. ಹಿರಿಯ ಅಧಿಕಾರಿ "ಚೆನ್ನಾಗಿದೆ ರೀ" ಎನ್ನುತ್ತ ಜೇಬಿನ ಪೆನ್ನಿಗೆ ಕೈ ಹಾಕಿದರು. ಸುಮ್ಮನಿದ್ದರೆ ಸಹಿ ಬೀಳುತ್ತದೆ, ನನ್ನ ಕೆಲಸ ಉಳಿಯುತ್ತದೆ. ಸಹಿಯಾದ ಪ್ರಿಂಟು ಜೀಪಿನಲ್ಲಿ ಹೋಗಿ ಫೈಲು ಸೇರುತ್ತದೆ, ಆಮೇಲೆ ಯಾವ ಬ್ಲೇಡೂ ಅದನ್ನು ಮುಟ್ಟಲಾರದು. ಮಾತನಾಡಿದರೆ ಅವರೆಲ್ಲರ ಎದುರು ಚನ್ನಬಸಪ್ಪನವರ ಮರ್ಯಾದೆ, ಮುನಿಸ್ವಾಮಿಯ ಸಹಿ, ನನ್ನ ಕೆಲಸ ಮೂರೂ ಒಟ್ಟಿಗೆ ಹೋಗುತ್ತವೆ.

"ಸಾರ್, ಬಾಣ ತಪ್ಪಿದೆ."

ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಎಲ್ಲರೂ ತಿರುಗಿದರು. ಹಿರಿಯರು ಕನ್ನಡಕ ಸರಿಮಾಡಿಕೊಂಡು ನಕ್ಷೆಯ ಹತ್ತಿರ ಹೋಗಿ ನೋಡಿದರು. ಆಮೇಲೆ ನಾನು ನಿರೀಕ್ಷಿಸದೇ ಇದ್ದದ್ದು ನಡೆಯಿತು.

"ಬಾಣ ಸರಿಯಾಗೇ ಇದೆಯಲ್ಲಮ್ಮ, ಪ್ರದಕ್ಷಿಣೆ" ಎಂದರು. "ಚನ್ನಬಸಪ್ನೋರೇ, ನಿಮ್ಮ ಕಡ್ಡೀನೇ ತಪ್ಪು ಹೋಯ್ತು."

ಕಿರಿಯರು ನಕ್ಕರು. "ಪುಸ್ತಕದಲ್ಲೂ ಹೀಗೇ ಇದೆ ಸಾರ್, ನಾನು ನೋಡಿದೀನಿ. ಅಪ್ರದಕ್ಷಿಣೆ ರಸ್ತೆ ಕಟ್ಟಿಸಿದ್ರೆ ನಮ್ಮನ್ನ ಜನ ಬಿಡ್ತಾರಾ? ದಿನಾ ಶಾಂತಿ ಮಾಡಿಸ್ಬೇಕಾಗತ್ತೆ."

ಚನ್ನಬಸಪ್ಪನವರೂ ಕಡ್ಡಿ ಇಳಿಸಿ ಬಾಣಗಳನ್ನು ನೋಡತೊಡಗಿದರು. ಆ ಬಾಣಗಳು ಅಷ್ಟು ಅಚ್ಚುಕಟ್ಟಾಗಿದ್ದವು! ಅಂದವಾಗಿ ಬರೆದ ತಪ್ಪನ್ನು ನಂಬದೇ ಇರುವುದು ಕಷ್ಟ. ಅಲ್ಲಿಗೇ ಬಿಟ್ಟಿದ್ದರೆ ಬಾಣಗಳು ಗೆಲ್ಲುತ್ತಿದ್ದವು.

ಮೇಜಿನ ಮೇಲೆ ಇನ್ನೊಂದು ಪ್ರಿಂಟ್ ಹಾಸಿತ್ತು. ನಾನು ಹೋಗಿ ಮುನಿಸ್ವಾಮಿಯ ಬೆಂಕಿಪೊಟ್ಟಣ ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ರಬ್ಬರು. "ಇದು ಊರಿಂದ ಕೆಂಗೇರಿಗೆ ನೇರ ಹೋಗೋ ಬಸ್ಸು ಸಾರ್" ಎಂದು ಪೊಟ್ಟಣವನ್ನು ಮೈಸೂರು ರಸ್ತೆಯ ಎಡಗಡೆ ಇಟ್ಟು ಮುಂದಕ್ಕೆ ತಳ್ಳಿದೆ. "ಇದು ಎಸಳಿನ ಮೇಲಿರೋ ಲಾರಿ. ನನ್ನ ಬಾಣ ಹೇಳಿದ ಹಾಗೇ ಹೋಗ್ತಿದೆ." ರಬ್ಬರನ್ನು ಒಂದು ಬಾಣ, ಎರಡು ಬಾಣ, ಮೂರು ಬಾಣ ಎಂದು ಪ್ರದಕ್ಷಿಣೆಯಾಗಿ ಸುತ್ತಿಸಿದೆ. ಅದು ಎಸಳಿನಿಂದ ಕೆಳಗಿಳಿದು ಮೈಸೂರು ರಸ್ತೆಗೆ ಬಂತು. ಬಂದದ್ದು ಬೆಂಕಿಪೊಟ್ಟಣದ ಮೂತಿಗೇ ಮುಖಾಮುಖಿ. ಎರಡೂ ಡಿಕ್ಕಿ ಹೊಡೆದು ನಿಂತವು.

ಹಿರಿಯರು ತಾವೇ ರಬ್ಬರು ತೆಗೆದುಕೊಂಡು ಇನ್ನೊಂದು ಎಸಳಿನ ಮೇಲೆ ಓಡಿಸಿದರು. ಅಲ್ಲೂ ಡಿಕ್ಕಿ. ಕಡ್ಡಿ ಹೋದ ಹಾಗೆ ಓಡಿಸಿದರು, ಮೆತ್ತಗೆ ಹೋಗಿ ಸೇರಿಕೊಂಡಿತು.

"ಪುಸ್ತಕದಾಗೆ ಹಂಗೇ ಇರ್ತೈತ್ರಿ" ಎಂದರು ಚನ್ನಬಸಪ್ಪನವರು, ಕಡ್ಡಿ ಮತ್ತೆ ಎತ್ತಿಕೊಂಡು. "ಆ ದೇಶದಾಗ ಬಲಗಡೆ ಗಾಡಿ ಹೊಡೀತಾರ. ನಾವು ಎಡಗಡೆಯವ್ರು, ನಮಗ ಅಪ್ರದಕ್ಷಿಣೆನೇ ಗತಿ. ಶಿವನ ಗುಡೀಲಿ ಗೋಮುಖದ ತನ ಹೋಗಿ ಅರ್ಧಕ್ಕೇ ಹಿಂದಕ್ಕೆ ಬರಂಗಿಲ್ಲೇನು? ಆ ದೇವ್ರು ಏನೂ ಅಂದಿಲ್ಲ."

ಹಿರಿಯರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಈ ಬಾಣ ಬರೆದದ್ದು ಯಾರು?"

"ನಾನ್ ಚೆಕ್ ಮಾಡಿದ್ದು ಸಾರ್, ತಪ್ಪು ನಂದು" ಎಂದು ಮುನಿಸ್ವಾಮಿ ಮುಂದೆ ಬಂದರು.

"ಬರೆದದ್ದು ನಾನು" ಎಂದೆ.

"ಬರೆಸಿದಾಂವ ನಾನು" ಎಂದರು ಚನ್ನಬಸಪ್ಪನವರು. "ಎಂದಿನಂತೆ ಅಂತ ಬರೆದುಬಿಟ್ಟೆ. ಯಾರ ಎಂದಿನಂತೆ? ಅದನ್ನ ಕೇಳ್ಕೋಬೇಕಾಗಿತ್ತು ನಾನು. ಕಾಫಿ ಕುಡೀರಿ, ಒಂದರ್ಧ ತಾಸು ಕೊಡ್ರಿ."

ನಾನು ಟ್ರೇಸಿಂಗ್ ಹಾಸಿ ಕುಳಿತೆ. ಮುನಿಸ್ವಾಮಿ ಕಿವಿಯಿಂದ ಬ್ಲೇಡು ತೆಗೆದು ಕೊಟ್ಟರು. ಬೆನ್ನ ಹಿಂದೆ ಮೂವರು ಅಧಿಕಾರಿಗಳು ಲೋಟ ಹಿಡಿದು ಬಗ್ಗಿ ನೋಡುತ್ತಿದ್ದರು, ಒಬ್ಬರ ಕಾಫಿಯ ಹಬೆ ನನ್ನ ಕಿವಿಗೆ ತಾಗುತ್ತಿತ್ತು. "ನಿಧಾನಕ್ಕಮ್ಮ" ಎಂದು ಮುನಿಸ್ವಾಮಿ ಪಿಸುಗುಟ್ಟಿದರು. "ಜನಾನ ಕಾಯಿಸಿ ಅಭ್ಯಾಸ ಅವ್ರಿಗೆ. ಒಂದಿನ ಕಾಯ್ಲಿ ಬಿಡು." ಹನ್ನೆರಡು ಬಾಣದ ತಲೆ ಹೆರೆದೆ, ಉಜ್ಜಿದೆ, ಪುಡಿ ಹಾಕಿ ಊದಿದೆ, ತಿರುಗಿಸಿ ಬರೆದೆ. ಒಂದೂ ತೂತಾಗಲಿಲ್ಲ. ಅಂಗಡಿಯವನು ತಾರಸಿಯ ಬಿಸಿಲಿಗೆ ಗಾಜಿನ ಚೌಕಟ್ಟು ಹಿಡಿದು, ಗೆರೆ ಮೂಡಿಸುವ ಅಮೋನಿಯಾ ಹಬೆಯ ಪೆಟ್ಟಿಗೆಯಲ್ಲಿಟ್ಟು ಹೊಸ ಪ್ರಿಂಟ್ ತೆಗೆದುಕೊಟ್ಟ. ಎಲ್ಲರ ಕಣ್ಣಲ್ಲೂ ನೀರು, ಅಮೋನಿಯಾದ್ದು. ನನ್ನ ಕಣ್ಣಲ್ಲಿದ್ದದ್ದನ್ನೂ ಅದರ ಲೆಕ್ಕಕ್ಕೇ ಸೇರಿಸಿದೆ.

ಹಿರಿಯರು ಸಹಿ ಹಾಕುವ ಮುಂಚೆ ಬೆಂಕಿಪೊಟ್ಟಣವನ್ನು ನಾಲ್ಕು ಎಸಳಿನ ಮೇಲೂ ಓಡಿಸಿ ನೋಡಿದರು. "ಇನ್ನು ನಮ್ಮಾಫೀಸಲ್ಲೂ ಒಂದು ಇಡ್ತೀನಿ" ಎಂದರು.

ಚನ್ನಬಸಪ್ಪನವರು ನನಗೆ ಬಯ್ಯಲಿಲ್ಲ. ಮುಂದಿನ ವಾರ ಜೀಪಿನಲ್ಲಿ ಕೆಂಗೇರಿಯ ಆಚೆ ಒಂದು ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಒಂದು ಎಸಳು ಬರೆಸಿದ್ದರು. ನನ್ನ ಕೈಗೆ ತುಂಬಿದ ನೀರಿನ ಲೋಟ ಕೊಟ್ಟು ಡ್ರೈವರನಿಗೆ ಓಡಿಸಲು ಹೇಳಿದರು. ಒಮ್ಮೆ ನಿಧಾನ, ಒಮ್ಮೆ ಜೋರು. ನೀರು ಯಾವಾಗ, ಯಾವ ಕಡೆ ಚೆಲ್ಲುತ್ತದೆ ಎಂದು ನೋಡಿದೆ. ಬಾಗಿನಲ್ಲಿ ರಸ್ತೆಯ ಹೊರಗಿನ ಅಂಚನ್ನು ಯಾಕೆ ಎತ್ತಬೇಕು, ನೇರ ರಸ್ತೆಯಿಂದ ಸುತ್ತಿಗೆ ಹೋಗುವಾಗ ಬಾಗು ಯಾಕೆ ಹಗುರಾಗಿ ಶುರುವಾಗಬೇಕು ಎಂಬುದು ಸೀರೆಯ ಮೇಲೆ ಚೆಲ್ಲಿದ ನೀರಿನಿಂದ ನನಗೆ ತಿಳಿಯಿತು. "ಸ್ಟೀರಿಂಗು ಒಮ್ಮಿಗೇ ತಿರುಗಂಗಿಲ್ಲ ತಂಗಿ. ನೀ ಎಳೆಯೋ ಗೆರಿಗೆ ಡ್ರೈವರನ ಕೈ ಗೊತ್ತಿರ್ಬೇಕು" ಎಂದರು. ಟ್ರೇಸರಿಗೆ ಇದನ್ನೆಲ್ಲ ತೋರಿಸುವ ಇಂಜಿನಿಯರುಗಳು ಆಗಲೂ ಇರಲಿಲ್ಲ, ಈಗಲೂ ಕಡಿಮೆ.

ಅಂದಿನಿಂದ ‘ಎಂದಿನಂತೆ’ ಎಂಬ ಮಾತು ನಮ್ಮ ಆಫೀಸಿನ ಯಾವ ಹಾಳೆಯ ಮೇಲೂ ಬರಲಿಲ್ಲ. ನಕ್ಷೆ ಹೊರಗೆ ಹೋಗುವ ಮುಂಚೆ ‘ಬಸ್ ಓಡಿಸುವುದು’ ಕಡ್ಡಾಯವಾಯಿತು: ಎಲ್ಲ ಕಡೆಯಿಂದ ಎಲ್ಲ ಕಡೆಗೂ, ಒಂದೊಂದೇ ದಾರಿಯಲ್ಲಿ, ಬೆಂಕಿಪೊಟ್ಟಣ ತಳ್ಳಿಕೊಂಡು. ಓಡಿಸುವವರು ನಕ್ಷೆ ಬರೆದವರೇ ಆಗಿರಬಾರದು. ಬಟ್ಟೆ ಹೋಗಿ ಫಿಲ್ಮ್ ಬಂತು, ಗೆರೆ ಎಳೆಯುವ ಹಳೆಯ ಪೆನ್ನು ಹೋಗಿ ನಳಿಗೆ ಪೆನ್ನು ಬಂತು, ಕೊನೆಗೆ ಕಂಪ್ಯೂಟರು. ನನಗೆ ಯಾವುದರ ಮೇಲೂ ಮುನಿಸಿಲ್ಲ. ಬ್ಲೇಡಿನಲ್ಲಿ ಹೆರೆಯುತ್ತ ಬೆನ್ನು ನೋಯಿಸಿಕೊಂಡವಳಿಗೆ ಒಂದು ಗುಂಡಿಯಲ್ಲಿ ಅಳಿಸುವುದು ವರವೇ. ಆದರೆ ಒಂದು ಗುಂಡಿಯಲ್ಲಿ ರ‍್ಯಾಂಪನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡಬಹುದು, ನೋಡಲು ಅಷ್ಟೇ ಅಂದವಾಗಿರುತ್ತದೆ. ಅದಕ್ಕೇ ಪ್ರಿಂಟ್ ತೆಗೆದು ಮೇಜಿನ ಮೇಲೆ ಹಾಸಿ, ಮಕ್ಕಳೇ. ಬೆಂಕಿಪೊಟ್ಟಣ ಸಿಗದಿದ್ದರೆ ಫೋನನ್ನಾದರೂ ಓಡಿಸಿ.

ನಾನು ತೀಡಿದ ಆ ಇಂಟರ್‌ಚೇಂಜ್ ಆ ರೂಪದಲ್ಲಿ ಕಟ್ಟಲೇ ಇಲ್ಲ. ಜಾಗ, ಮನೆಗಳು, ಇನ್ನೂ ಏನೇನೋ ಅಡ್ಡ ಬಂದವು. ಆಮೇಲೆ ತೀಡಿದ ಎಷ್ಟೋ ರ‍್ಯಾಂಪುಗಳ ಮೇಲೆ ಈಗ ಗಾಡಿಗಳು ಓಡುತ್ತಿವೆ. ಮೊಮ್ಮಗಳ ಜೊತೆ ಕಾರಿನಲ್ಲಿ ಅಂಥ ಬಾಗು ಏರುವಾಗ ಹಗುರಾಗಿ ಶುರುವಾಯಿತೋ ಇಲ್ಲವೋ ಎಂದು ಮೈ ತಾನಾಗಿಯೇ ಗಮನಿಸುತ್ತದೆ.

ಆ ಬುಧವಾರ ಜೀಪು ಹೋದ ಮೇಲೆ ಚನ್ನಬಸಪ್ಪನವರು ಎಲ್ಲರಿಗೂ ಖಾರಾಬೂಂದಿ ತರಿಸಿದರು. ಪೊಟ್ಟಣ ನನ್ನ ಮೇಜಿಗೆ ಬಂದಾಗ, "ತಂಗಿ, ಮುಂದಿನ ತಿಂಗಳು ಮಾಗಡಿ ರಸ್ತೆದು ಶುರು ಮಾಡೋದೈತಿ, ಹೊಸ ಪೆನ್ನು ತರಿಸ್ಕೊ" ಎಂದಷ್ಟೇ ಹೇಳಿದರು. ಕೆಲಸ ಉಳಿಯಿತೆಂದು ನನಗೆ ತಿಳಿದದ್ದು ಹಾಗೆ.

ಮನೆ ಮುಟ್ಟುವಾಗ ಸಂಜೆ ಆರಾಗಿತ್ತು. ಪಕ್ಕದ ಮನೆ ಸರೋಜಮ್ಮ ಕಾಂಪೌಂಡಿನ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಅವರ ಮಗ ಆಗಷ್ಟೇ ಔಷಧ ಕಂಪನಿಯ ಪ್ರತಿನಿಧಿಯಾಗಿ ಸೇರಿದ್ದ, ಹಗಲೆಲ್ಲ ಡಾಕ್ಟರುಗಳ ಬಾಗಿಲು ಕಾಯುವ ಕೆಲಸ.

"ಬಂದ್ಯಾ ವಸಂತಾ? ನಮ್ಮ ಹುಡುಗ ನೋಡು, ದಿನಾ ದೊಡ್ಡೋರ ಮುಂದೆ ನಿಂತು ಮಾತಾಡಿ ಮಾತಾಡಿ ಗಂಟಲು ಕೆಡಿಸ್ಕೊಂಡು ಬರ್ತಾನೆ" ಎಂದರು, ಮೊರದಿಂದ ತಲೆ ಎತ್ತದೆ. "ನೀನೇ ಪುಣ್ಯವಂತೆ ಕಣೇ. ಕೂತ್ಕೊಂಡು ಗೆರೆ ಎಳೆದ್ರಾಯ್ತು. ಬಾಯಿ ಬಿಡೋ ಕೆಲ್ಸವೇ ಇಲ್ಲ."